ಪರಕಾಯದಲ್ಲಿ ಕೇಳಿದ ಸ್ವಂತ ದನಿ

ಶಂಕರಾಚಾರ್ಯರು ಅಮರುಕ ರಾಜನ ದೇಹವನ್ನು ಹೊಕ್ಕ ಕಥೆಯನ್ನು ನಾವೆಲ್ಲ ಬಲ್ಲೆವು. ಪರಕಾಯ ಪ್ರವೇಶವೆಂಬ ಮಾತು ತರಗತಿಯಲ್ಲಿ ಬಂದಾಗ ಅದನ್ನು ಕವಿಯ ಶಕ್ತಿಗೊಂದು ಉಪಮೆಯೆಂದು ಹೇಳಿ ನಾನು ಮುಂದೆ ಸಾಗುತ್ತಿದ್ದೆ. ಲಂಡನ್ನಿನ ಪ್ರಯೋಗವೊಂದರ ವಿವರವನ್ನು ಓದಿದ ಮೇಲೆ ಹಾಗೆ ಸುಲಭವಾಗಿ ಸಾಗುವುದು ನನಗೆ ಸಾಧ್ಯವಾಗಿಲ್ಲ.

ವರ್ಚುವಲ್ ರಿಯಾಲಿಟಿ ಎಂಬುದು ಕಣ್ಣನ್ನು ಪೂರ್ತಿ ಆವರಿಸುವ ಒಂದು ಶಿರಸ್ತ್ರಾಣದ ಮಾಯೆ. ತಲೆ ತಿರುಗಿದತ್ತ ಅದರೊಳಗಿನ ಲೋಕವೂ ತಿರುಗುತ್ತದೆ. ಎದುರಿಗಿರುವ ಪ್ರಪಾತ ಸುಳ್ಳೆಂದು ಬುದ್ಧಿಗೆ ಗೊತ್ತು, ಮೊಣಕಾಲಿಗೆ ಗೊತ್ತಿಲ್ಲ. ಈ ಸಂದಿನಲ್ಲಿಯೇ ಚಿಕಿತ್ಸೆಯೊಂದು ಹುಟ್ಟಿತು. 1995ರಲ್ಲಿ ಅಮೆರಿಕದ ಬಾರ್ಬರಾ ರಾತ್‌ಬಾಮ್, ಲ್ಯಾರಿ ಹಾಡ್ಜಸ್ ಮೊದಲಾದವರು ಎತ್ತರಕ್ಕೆ ಅಂಜುವ ವಿದ್ಯಾರ್ಥಿಗಳನ್ನು ಕಲ್ಪಿತ ಸೇತುವೆಗಳ ಮೇಲೆ ಮೆಲ್ಲಮೆಲ್ಲನೆ ನಿಲ್ಲಿಸಿ ಅವರ ಭಯವನ್ನು ತಗ್ಗಿಸಿದರು. 2018ರಲ್ಲಿ ಆಕ್ಸ್‌ಫರ್ಡಿನ ಡೇನಿಯಲ್ ಫ್ರೀಮನ್ ಅವರ ತಂಡ 100 ಮಂದಿಯ ಮೇಲೆ ಇಂಥದೇ ಪರೀಕ್ಷೆ ನಡೆಸಿತು. ಈ ಚಿಕಿತ್ಸೆ ಪಡೆದವರ ಭಯ ಸರಾಸರಿ ಮೂರರಲ್ಲಿ ಎರಡು ಪಾಲಿನಷ್ಟು ಇಳಿಯಿತು. ಓಡಿದರೆ ಬೆನ್ನಟ್ಟುವ ಭಯ, ನಿಂತು ನೋಡಿದರೆ ಸೊರಗುತ್ತದೆ.

ಆದರೆ ಖಿನ್ನತೆಯ ದಾರಿ ಬೇರೆ. ಅಲ್ಲಿ ಪ್ರಪಾತ ಹೊರಗಿಲ್ಲ. ತನ್ನನ್ನೇ ಹಳಿಯುವ ದನಿಯೊಂದು ಒಳಗೇ ಇದೆ. ನಾನು ಹೇಳಿದ ಲಂಡನ್ನಿನ ಪ್ರಯೋಗ ಈ ದನಿಯನ್ನು ಕುರಿತದ್ದು. ಅದರ ಫಲಿತಾಂಶ 2016ರಲ್ಲಿ ಪ್ರಕಟವಾಯಿತು. ಖಿನ್ನತೆಯಿಂದ ಬಳಲುವ 15 ಮಂದಿ ಅದರಲ್ಲಿ ಪಾಲುಗೊಂಡರು. ರೋಗಿಯ ಮುಂದೆ ಅಳುವ ಮಗುವೊಂದು ಕಾಣಿಸಿಕೊಳ್ಳುತ್ತದೆ. ಮೊದಲೇ ಕಲಿತ ರೀತಿಯಲ್ಲಿ ಆತ ಅದನ್ನು ಸಂತೈಸುತ್ತಾನೆ. ಮಗುವಿನ ಅಳು ಮೆಲ್ಲನೆ ನಿಲ್ಲುತ್ತದೆ. ಬಳಿಕ ದೃಶ್ಯ ತಿರುವುಮುರುವಾಗುತ್ತದೆ. ಈಗ ಆತನೇ ಆ ಮಗು. ಎದುರಿಗೆ ನಿಂತ ಹಿರಿಯ ವ್ಯಕ್ತಿ, ಆತ ಆಡಿದ ಮಾತುಗಳನ್ನೇ ಆತನದೇ ದನಿಯಲ್ಲಿ ಆತನಿಗೆ ಹೇಳುತ್ತದೆ. ವಾರಕ್ಕೊಮ್ಮೆಯಂತೆ ಮೂರು ಸಲ ಹೀಗೆ ನಡೆದು ಒಂದು ತಿಂಗಳು ಕಳೆದ ಮೇಲೆ, 9 ಮಂದಿಯಲ್ಲಿ ಖಿನ್ನತೆಯ ಲಕ್ಷಣಗಳು ಕಡಿಮೆಯಾಗಿದ್ದುವು.

ಇದನ್ನು ಓದುವಾಗ ನನಗೆ ಒಂದು ದಿನ ನೆನಪಾಯಿತು. ಪರೀಕ್ಷೆಯಲ್ಲಿ ಸೋತು ಬಂದ ಹುಡುಗನೊಬ್ಬನನ್ನು ಎದುರಿಗೆ ಕೂರಿಸಿಕೊಂಡು, ಒಂದು ಸೋಲಿನಿಂದ ಮನುಷ್ಯನ ಬೆಲೆ ಕಟ್ಟಲಾಗದೆಂದು ಅರ್ಧ ಗಂಟೆ ಹೇಳಿದೆ. ಆತ ಹಗುರವಾಗಿ ಎದ್ದುಹೋದ. ಅದೇ ಸಂಜೆ ಸಭೆಯೊಂದರಲ್ಲಿ ನನ್ನ ಮಾತು ನಡುವೆ ತಡವರಿಸಿತು. ಆ ರಾತ್ರಿಯೆಲ್ಲ ನಾನು ನನ್ನನ್ನು ಹಳಿದುಕೊಂಡ ಮಾತುಗಳನ್ನು ಆ ಹುಡುಗನಿಗೆ ಆಡಿದ್ದರೆ ಅವನು ಕಾಲೇಜನ್ನೇ ಬಿಟ್ಟುಬಿಡುತ್ತಿದ್ದ. ನನ್ನ ಬಳಿ ಕರುಣೆ ಇಲ್ಲದಿರಲಿಲ್ಲ. ಅದರ ಮುಖ ಸದಾ ಹೊರಕ್ಕಿತ್ತು, ಅಷ್ಟೆ.

ಹದಿನೈದು ಮಂದಿಯ ಪ್ರಯೋಗದಿಂದ ಸಿದ್ಧಾಂತ ಕಟ್ಟುವುದು ತರವಲ್ಲ. ಹೋಲಿಸಿ ನೋಡಲು ಚಿಕಿತ್ಸೆ ಪಡೆಯದ ಗುಂಪೊಂದು ಅಲ್ಲಿರಲಿಲ್ಲ. ವೈದ್ಯನ ಸ್ಥಾನವನ್ನಾಗಲಿ ಔಷಧದ ಸ್ಥಾನವನ್ನಾಗಲಿ ಈ ಯಂತ್ರ ತುಂಬುತ್ತದೆಂದು ನಂಬಿ, ಬಳಲುತ್ತಿರುವವರು ತಡಮಾಡಬಾರದು.

ಆದರೂ ಒಂದು ಮಾತು ನನಗೆ ಸ್ಪಷ್ಟವಾಗಿದೆ. ಯಂತ್ರ ಆ ರೋಗಿಗಳಿಗೆ ಕರುಣೆಯನ್ನು ಕೊಡಲಿಲ್ಲ. ಅವರು ಮಗುವಿಗೆ ತೋರಿದ ಕರುಣೆಯನ್ನೇ ಅವರತ್ತ ತಿರುಗಿಸಿತು. ಮುಂದಿನ ವರ್ಷ ಪರಕಾಯ ಪ್ರವೇಶವೆಂಬ ಮಾತು ಬಂದಾಗ ನಾನು ತರಗತಿಯಲ್ಲಿ ಕೊಂಚ ಹೊತ್ತು ನಿಲ್ಲುತ್ತೇನೆ. ಪರರ ದೇಹವನ್ನು ಹೊಕ್ಕವನು ಕೊನೆಗೆ ತನ್ನ ದೇಹಕ್ಕೇ ಮರಳಬೇಕಲ್ಲವೆ?