ಮೊಲ ಎಷ್ಟು ದಿನ ಬದುಕಿದರೆ ವೈರಸ್‌ಗೆ ಲಾಭ?

ಕೊರೊನಾ ಕಾಲದಲ್ಲಿ ಊರಿನ ಅರಳಿಕಟ್ಟೆಯಿಂದ ಟಿ.ವಿ. ಚರ್ಚೆಯವರೆಗೆ ಒಂದು ಮಾತು ಓಡಾಡಿತು: ವೈರಸ್ ಹಳತಾದಷ್ಟೂ ಮೆತ್ತಗಾಗುತ್ತದೆ, ಆಶ್ರಯ ಕೊಟ್ಟ ದೇಹವನ್ನೇ ಕೊಂದರೆ ಅದಕ್ಕೂ ಉಳಿಗಾಲವಿಲ್ಲವಲ್ಲ! ಕೇಳಲು ನ್ಯಾಯವಾಗಿಯೇ ಇದೆ. ಆದರೆ ವೈರಸ್‌ಗೆ ನಾಳೆಯ ಚಿಂತೆ ಎಲ್ಲಿಂದ ಬರಬೇಕು? ಇಂದು ಯಾವ ತಳಿ ಹೆಚ್ಚು ದೇಹಗಳಿಗೆ ದಾಟುತ್ತದೋ ನಾಳೆ ಅದರ ಸಂತಾನವೇ ಹೆಚ್ಚು. ದಾಟಲು ಸೌಮ್ಯತೆ ನೆರವಾದರೆ ರೋಗ ಸೌಮ್ಯವಾಗುತ್ತದೆ, ಉಗ್ರತೆ ನೆರವಾದರೆ ಉಗ್ರವಾಗುತ್ತದೆ. ಆಸ್ಟ್ರೇಲಿಯದ ಮೊಲಗಳಿಗಿಂತ ಒಳ್ಳೆಯ ಸಾಕ್ಷಿ ಇದಕ್ಕೆ ಸಿಗುವುದು ಕಷ್ಟ.

1859ರಲ್ಲಿ ಥಾಮಸ್ ಆಸ್ಟಿನ್ ಎಂಬ ಜಮೀನ್ದಾರ ಬೇಟೆಯ ಶೋಕಿಗೆಂದು ವಿಕ್ಟೋರಿಯದಲ್ಲಿ ಬಿಟ್ಟ ಮೊಲಗಳ ಸಂತತಿ ಖಂಡದ ಹುಲ್ಲನ್ನೆಲ್ಲ ಮೇಯತೊಡಗಿತು. ಅವನ್ನು ಹತ್ತಿಕ್ಕಲು 1950ರಲ್ಲಿ ಮಿಕ್ಸೋಮಾ ವೈರಸ್ಸನ್ನು ಬಿಡಲಾಯಿತು. ದಕ್ಷಿಣ ಅಮೆರಿಕದ ಕಾಡುಮೊಲಕ್ಕೆ ಚರ್ಮದ ಮೇಲೊಂದು ಗಂಟು ಬರಿಸಿ ಸುಮ್ಮನಾಗುವ ಈ ವೈರಸ್, ಯುರೋಪ್ ಮೂಲದ ಮೊಲಗಳಲ್ಲಿ ಸೋಂಕು ತಗುಲಿದ ನೂರರಲ್ಲಿ 99ಕ್ಕೂ ಹೆಚ್ಚನ್ನು ಕೊಂದಿತು. ಆದರೆ ಕೆಲವೇ ವರ್ಷಗಳಲ್ಲಿ ಸಾವು ಇಳಿಯಿತು. ಬದಲಾದದ್ದು ವೈರಸ್ಸೋ ಮೊಲವೋ? ವಿಜ್ಞಾನಿ ಫ್ರಾಂಕ್ ಫೆನ್ನರ್ ಮತ್ತು ಸಂಗಡಿಗರು ಎರಡನ್ನೂ ಬೇರೆ ಬೇರೆಯಾಗಿ ಅಳೆದರು. ಇಡೀ ಕಥೆಯಲ್ಲಿ ಜಾಣತನದ ಭಾಗ ಇದೇ. ಬಯಲಿನಿಂದ ತಂದ ವೈರಸ್ಸನ್ನು, ಈ ರೋಗವನ್ನೇ ಕಾಣದ ಪ್ರಯೋಗಾಲಯದ ಮೊಲಗಳಿಗೆ ಚುಚ್ಚಿದಾಗ ಅತ್ಯುಗ್ರ ತಳಿಗಳು ವಿರಳವಾಗಿರುವುದು ಕಂಡಿತು. ಹಾಗೆಂದು ತೀರಾ ಸೌಮ್ಯ ತಳಿಗಳೂ ಗೆದ್ದಿರಲಿಲ್ಲ. ಮೇಲುಗೈ ಪಡೆದಿದ್ದು ನೂರಕ್ಕೆ 70ರಿಂದ 95 ಮೊಲಗಳನ್ನು ಕೊಲ್ಲುವ ನಡುವಿನ ತಳಿ. (ಇದನ್ನು ಮೆತ್ತಗೆ ಎನ್ನಲು ಮೊಲವಂತೂ ಒಪ್ಪಲಾರದು.) ಚರ್ಮದ ಗಾಯದಿಂದ ಸೊಳ್ಳೆಯ ಸೊಂಡಿಲಿಗೆ ಅಂಟಿಕೊಂಡು ವೈರಸ್ ಹರಡುತ್ತದೆ. ಮೊಲ ಬೇಗ ಸತ್ತರೆ ಸೊಳ್ಳೆಗೆ ಸಿಗುವ ದಿನಗಳು ಕಡಿಮೆ. ಬೇಗ ವಾಸಿಯಾದರೆ ಗಾಯದಲ್ಲಿ ವೈರಸ್ಸೇ ಕಡಿಮೆ.

ಮೊಲಗಳ ಪರೀಕ್ಷೆ ಇದರ ತಿರುವುಮುರುವು. ರೋಗ ತಗುಲದ ಕಾಡಿನ ಮರಿಗಳನ್ನು ಹಿಡಿದು, ಪ್ರತಿ ಸಲವೂ ಅದೇ ಒಂದು ತಳಿಯ ವೈರಸ್ ಕೊಟ್ಟರು. ಏಳು ಸಾಂಕ್ರಾಮಿಕಗಳು ಹಾದುಹೋಗುವಷ್ಟರಲ್ಲಿ ಸಾವು ನೂರಕ್ಕೆ 90ರಿಂದ 25ಕ್ಕೆ ಇಳಿದಿತ್ತು. ಒಮ್ಮೆ ರೋಗ ಬಂದು ಹೋದಾಗ ದೇಹ ಗಳಿಸುವ ರಕ್ಷಣೆ ಇದಲ್ಲ, ಏಕೆಂದರೆ ಈ ಮರಿಗಳಿಗೆ ರೋಗವೇ ಬಂದಿರಲಿಲ್ಲ. ಇದು ಬದುಕುಳಿದ ತಂದೆತಾಯಿಗಳಿಂದ ವಂಶವಾಹಿಗಳಲ್ಲಿ ಬಂದದ್ದು. ಹಾಗಾದರೆ ರೋಗವೇ ಹೊಸ ವಂಶವಾಹಿಗಳನ್ನು ಹುಟ್ಟಿಸಿತೇ? ಇಲ್ಲ. ಮ್ಯೂಸಿಯಂಗಳಲ್ಲಿದ್ದ ಹಳೆಯ ಮೊಲಗಳ ಡಿಎನ್‌ಎಯನ್ನು ಇಂದಿನವುಗಳ ಜೊತೆ ಹೋಲಿಸಿದ 2019ರ ಅಧ್ಯಯನದಲ್ಲಿ ಆಸ್ಟ್ರೇಲಿಯ, ಬ್ರಿಟನ್, ಫ್ರಾನ್ಸ್ ಮೂರರಲ್ಲೂ ರೋಗನಿರೋಧಕ್ಕೆ ಸಂಬಂಧಿಸಿದ ಅವೇ ಕೆಲವು ರೂಪಾಂತರಗಳು ಹೆಚ್ಚಿದ್ದವು. ಬಹುಮಟ್ಟಿಗೆ ಅವು ಮೊದಲೇ ಅಲ್ಲಲ್ಲಿ ಇದ್ದವು. ರೋಗ ಮಾಡಿದ್ದು ಜರಡಿ ಹಿಡಿಯುವ ಕೆಲಸ.

ಹೇಗಾದರೂ ಕೊನೆಗೆ ಎರಡೂ ಕಡೆ ರಾಜಿಯಾಯಿತಲ್ಲ ಎಂದು ಯಾರಾದರೂ ಕೇಳಬಹುದು. ಆಗಲಿಲ್ಲ. ಗಟ್ಟಿಯಾದ ಮೊಲ ಬೇಗ ಚೇತರಿಸಿಕೊಂಡರೆ ವೈರಸ್‌ಗೆ ದಾರಿ ಕಿರಿದಾಗುತ್ತದೆ, ಆಗ ಉಗ್ರ ತಳಿಗೇ ಅನುಕೂಲ. ಆಸ್ಟ್ರೇಲಿಯದಲ್ಲಿ 1990ರ ದಶಕದಲ್ಲಿ ಸಂಗ್ರಹಿಸಿದ ಕೆಲವು ತಳಿಗಳನ್ನು ಪ್ರಯೋಗಾಲಯದ ಮೊಲಗಳಿಗೆ ಕೊಟ್ಟಾಗ ಅವುಗಳ ರೋಗನಿರೋಧಕ ವ್ಯವಸ್ಥೆಯೇ ಕುಸಿದುಬಿತ್ತು. ನಮ್ಮ ಮಲೆನಾಡಿನ ಮಂಗನ ಕಾಯಿಲೆಯ ಲೆಕ್ಕ ಇನ್ನೂ ಬೇರೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಆ ವೈರಸ್ ಉಳಿದುಬಂದಿರುವುದು ಉಣುಗು ಮತ್ತು ಕಾಡುಪ್ರಾಣಿಗಳ ನಡುವೆ. ಸೌದೆಗೋ ದರಗಿಗೋ ಹೋಗಿ ಉಣುಗು ಕಚ್ಚಿಸಿಕೊಂಡ ಮನುಷ್ಯನಿಂದ ಅದು ಮುಂದೆ ಇನ್ನೊಬ್ಬರಿಗೆ ದಾಟುವುದಿಲ್ಲ. ಅವನು ವಾಸಿಯಾಗಿ ಎದ್ದರೂ ಸತ್ತರೂ ವೈರಸ್ಸಿನ ಸಂತಾನ ಒಂದಿಷ್ಟೂ ಏರುಪೇರಾಗದು. ಮನುಷ್ಯರ ಪಾಲಿಗೆ ಸೌಮ್ಯವಾಗಲು ಅದಕ್ಕೆ ಕಾರಣವೇ ಇಲ್ಲ.