ಮಾರ್ಚಿನ ಗೊರವಕ್ಕೆ ಹೊಟ್ಟೆ ಯಾಕೆ ಉಬ್ಬಿರುತ್ತದೆ?

ಮಾರ್ಚ್ ಕೊನೆಯಲ್ಲಿ ಕೋಲಾರಮ್ಮನ ಕೆರೆಗೋ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಕಡೆ ನೀರಿಳಿದ ಯಾವುದಾದರೂ ಕೆರೆಗೋ ಬೆಳಿಗ್ಗೆ ಹೋಗಿ, ಕೆಸರಿನಲ್ಲಿ ಹುಳು ಹೆಕ್ಕುವ ಗದ್ದೆಗೊರವವನ್ನು ದುರ್ಬೀನಿನಲ್ಲಿ ನೋಡಿ. ಹೊಟ್ಟೆ ಜೋತುಬಿದ್ದಂತೆ ಕಾಣುತ್ತದೆ. ಒಳಗೆ ಮೊಟ್ಟೆ ಇಲ್ಲ, ಇರುವುದು ಕೊಬ್ಬು.

ಉತ್ತರ ಯುರೋಪ್, ಸೈಬೀರಿಯಾ ಕಡೆಯ ಜೌಗು ಕಾಡುಗಳಲ್ಲಿ ಮರಿ ಮಾಡಿ, ಆಗಸ್ಟ್–ಸೆಪ್ಟೆಂಬರ್ ಹೊತ್ತಿಗೆ ಈ ಹಕ್ಕಿ ನಮ್ಮಲ್ಲಿಗೆ ಬರುತ್ತದೆ. ಬರುವಾಗ ಮೈ ಇಳಿದಿರುತ್ತದೆ, ಬಲಿತ ಹಕ್ಕಿಗಳ ಗರಿ ಸವೆದಿರುತ್ತದೆ. ಚಳಿಗಾಲದ ಮುಖ್ಯ ಕೆಲಸ ಹೊಸ ಗರಿ ಕಟ್ಟುವುದು. ಹಾರುವ ಗರಿಗಳು ಒಂದೊಂದಾಗಿ ಉದುರಿ ಬೆಳೆಯುವುದರಿಂದ ಹಾರಾಟ ನಿಲ್ಲುವುದಿಲ್ಲ. ವೃಷಣ, ಅಂಡಾಶಯಗಳು ಆಗ ಕುಗ್ಗಿ ಸಣ್ಣದಾಗಿರುತ್ತವೆ. ಬೇಡದ ಭಾರ ಹೊತ್ತು ಹಾರುವವರು ಯಾರು?

ಆಮೇಲೆ ಹಗಲು ಉದ್ದವಾಗುತ್ತದೆ. ಕೋಲಾರದಲ್ಲಿ ಅತಿ ಸಣ್ಣ ಹಗಲಿಗೂ ಅತಿ ದೊಡ್ಡ ಹಗಲಿಗೂ ಇರುವ ಅಂತರ ಸುಮಾರು ಒಂದೂವರೆ ಗಂಟೆ ಅಷ್ಟೆ. ಆ ಸುಳಿವು, ಅದರ ಜೊತೆ ಮೈಯೊಳಗಿನ ವಾರ್ಷಿಕ ಗಡಿಯಾರ ಸೇರಿ ಹಾರ್ಮೋನುಗಳನ್ನು ಬದಲಿಸುತ್ತವೆ, ಉತ್ತರಕ್ಕೆ ಮರಳುವ ಹಾರಾಟಕ್ಕೆ ಮುಂಚೆ ಹಸಿವು ಏರುತ್ತದೆ. ಕೊಬ್ಬು ಕತ್ತಿನ ಬುಡದ ಕುಳಿಯಲ್ಲೂ ಹೊಟ್ಟೆಯ ಮೇಲೂ ಕೂರುತ್ತದೆ. ಅಧ್ಯಯನಕ್ಕಾಗಿ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸುವವರು ಹಕ್ಕಿಯನ್ನು ಅಂಗೈಯಲ್ಲಿ ಮಲಗಿಸಿ ಗರಿಗಳ ಮೇಲೆ ಉಫ್ ಎಂದು ಊದಿದರೆ, ತೆಳು ಚರ್ಮದಡಿ ಹಳದಿ ಪದರ ಕಾಣುತ್ತದೆ. ಅದರ ದಪ್ಪಕ್ಕೆ ಅಂಕ ಕೊಡುತ್ತಾರೆ. ಒಂದು ಗ್ರಾಂ ಕೊಬ್ಬು ಅಷ್ಟೇ ತೂಕದ ಪಿಷ್ಟಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಶಕ್ತಿ ಕೊಡುತ್ತದೆ, ಉರಿಯುವಾಗ ನೀರನ್ನೂ ಬಿಡುತ್ತದೆ.

ಬಹಳ ದೂರ ಹಾರುವ ಬಾರ್-ಟೇಲ್ಡ್ ಗಾಡ್‌ವಿಟ್‌ನಂಥವು ಇನ್ನೂ ಮುಂದೆ ಹೋಗುತ್ತವೆ. ಹೊರಡುವ ಮುಂಚೆ ಅವುಗಳ ಜಠರ, ಕರುಳು ಕುಗ್ಗಿರುತ್ತವೆ. ಲಾರಿಯವನು ಸರಕು ಇಳಿಸಿ ಡೀಸೆಲ್ ತುಂಬಿಸಿಕೊಂಡ ಹಾಗೆ. 2022ರಲ್ಲಿ ಅಂಥದೊಂದು ಎಳೆಯ ಹಕ್ಕಿ ಅಲಾಸ್ಕಾದಿಂದ ಟಾಸ್ಮೇನಿಯಾಕ್ಕೆ ಸುಮಾರು 13,560 ಕಿ.ಮೀ. ಎಲ್ಲೂ ಇಳಿಯದೆ 11 ದಿನದಲ್ಲಿ ಹಾರಿತು. ನಮ್ಮ ಗದ್ದೆಗೊರವ ಅಷ್ಟು ಹಟಮಾರಿಯಲ್ಲ, ದಾರಿಯಲ್ಲಿ ಇಳಿದು ತಿಂದು ಹೋಗುತ್ತದೆ.

ಇದೆಲ್ಲ ನಡೆಯಬೇಕಾದರೆ ಕೆಸರು ಬೇಕು. ಗೊರವದ ಕಾಲಿಗೆ ಒಂದೆರಡು ಇಂಚು ನೀರು ಸಾಕು. ಬೇಸಿಗೆಯಲ್ಲಿ ಕೆರೆ ಹಿಂದೆ ಸರಿದಂತೆ ದಿನಾ ಹೊಸ ಕೆಸರಂಚು ತೆರೆದುಕೊಳ್ಳುತ್ತದೆ, ಹುಳು ಸಿಗುತ್ತದೆ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿತ ನೀರು ಬರುತ್ತಿರುವ ಕೆರೆಗಳು ಬೇಸಿಗೆಯಲ್ಲೂ ತುಂಬಿರುವುದುಂಟು. ಕೊಳವೆಬಾವಿ ನಂಬಿದ ರೈತನಿಗೆ ಅದು ದೊಡ್ಡ ಆಸರೆ, ತಕರಾರಿಲ್ಲ. ಆದರೆ ತುಂಬಿದ ಕೆರೆಯೆಲ್ಲ ಗೊರವಕ್ಕೆ ಒಳ್ಳೆಯ ಕೆರೆಯಲ್ಲ. ಹೂಳೆತ್ತುವಾಗ ಜೆಸಿಬಿ ದಡವನ್ನು ಗೋಡೆಯಂತೆ ಕೊರೆದರೆ ಗೊರವಕ್ಕೆ ಕಾಲಿಡಲು ಜಾಗವೇ ಇರುವುದಿಲ್ಲ. ಒಂದು ಬದಿಯಾದರೂ ಇಳಿಜಾರಾಗಿಯೇ ಉಳಿಯಲಿ.

ಕೆರೆಯಲ್ಲಿ ಅಪಾಯವೂ ಉಂಟು: ಬೇಸಿಗೆಯ ಬಿಸಿ, ಕೊಳೆತ ನೀರಿನಲ್ಲಿ ಬಾಟುಲಿಸಂ ರೋಗ ತರುವ ವಿಷ ಹುಟ್ಟಬಹುದು. ಅದು ತಗುಲಿದ ಹಕ್ಕಿಯ ರೆಕ್ಕೆ, ಕಾಲು ಸೋತು ಕತ್ತು ವಾಲುತ್ತದೆ. ಹಕ್ಕಿಜ್ವರ ಬಂದರೂ ಹಕ್ಕಿಗಳು ಹೀಗೇ ತೂಕಡಿಸಬಹುದು. ಹಲವು ಹಕ್ಕಿಗಳು ಒಟ್ಟಿಗೆ ಸತ್ತಿದ್ದು ಕಂಡರೆ ಬರಿಗೈಯಲ್ಲಿ ಮುಟ್ಟಬೇಡಿ, ಪಶು ಆಸ್ಪತ್ರೆಗೂ ಅರಣ್ಯ ಇಲಾಖೆಗೂ ತಿಳಿಸಿ. ಕಾಲಿನಲ್ಲಿ ಉಂಗುರ ಕಂಡರೆ ದೂರದಿಂದಲೇ ಫೋಟೊ ತೆಗೆದು, ಸಂಖ್ಯೆಯನ್ನು ಮುಂಬೈಯ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಕಳಿಸಿ.