ನಿಮಗಿದು ಗೊತ್ತೆ? ಟೋಕಿಯೊ ಕಥೆಗೆ ಕನ್ನಡದ ಒಡಹುಟ್ಟು

ಐದೇ ವರ್ಷಗಳ ಅಂತರದಲ್ಲಿ ಜಪಾನಿ, ಮರಾಠಿ ಮತ್ತು ಕನ್ನಡ ಚಿತ್ರರಂಗಗಳು ಬೆಳೆದ ಮಕ್ಕಳಿಗೆ ಹೊರೆಯಾಗುವ ವೃದ್ಧ ದಂಪತಿಯ ನೋವನ್ನೇ ತೆರೆಗೆ ತಂದವು: ಯಸುಜಿರೊ ಒಜು ಅವರ ‘ಟೋಕಿಯೊ ಸ್ಟೋರಿ’ (1953), ರಾಜಾ ಪರಾಂಜಪೆಯವರ ‘ಊನ್ ಪಾವುಸ್’ (1954), ಅಂದರೆ ಬಿಸಿಲು-ಮಳೆ, ಮತ್ತು ಬಿ.ಆರ್. ಪಂತುಲು ಅವರ ‘ಸ್ಕೂಲ್ ಮಾಸ್ಟರ್’ (1958). ಕನ್ನಡ, ಮರಾಠಿ ಎರಡನ್ನೂ ಬಲ್ಲ ಬೆಳಗಾವಿ, ಖಾನಾಪುರದ ಪ್ರೇಕ್ಷಕರು ಇವುಗಳಲ್ಲಿ ಎರಡನ್ನು ಅನುವಾದದ ಹಂಗಿಲ್ಲದೆ ನೋಡಬಲ್ಲರು.

ಸಾಮಾನ್ಯ ಕುಟುಂಬಗಳ ಬದುಕನ್ನು ಚಿತ್ರಿಸುವ ಜಪಾನಿ ಪ್ರಕಾರಕ್ಕೆ ‘ಶೋಮಿನ್-ಗೆಕಿ’ ಎಂದು ಹೆಸರು. ಆ ಪ್ರಕಾರಕ್ಕೆ ಸೇರಿದ ಒಜು ಚಿತ್ರಕ್ಕೆ ಪ್ರೇರಣೆಯಾದದ್ದು 1937ರ ಅಮೆರಿಕನ್ ಚಿತ್ರ ‘ಮೇಕ್ ವೇ ಫಾರ್ ಟುಮಾರೊ’. ಅದನ್ನು ನೋಡಿ ನೆನಪಿಟ್ಟುಕೊಂಡಿದ್ದವರು ಮಾತ್ರ ಒಜು ಅಲ್ಲ, ಸಹಲೇಖಕ ಕೋಗೊ ನೋಡ. ‘ಟಾಟಾಮಿ’ ಎಂಬ ಚಾಪೆಯ ಮೇಲೆ ಕುಳಿತವರ ಮಟ್ಟಕ್ಕೆ ಕ್ಯಾಮೆರಾವನ್ನು ತಗ್ಗಿಸಿ ಒಜು ಮನೆಯೊಳಗಿನ ಮೌನವನ್ನು ಹಿಡಿದ ರೀತಿ ಇಂದಿಗೂ ಅನನ್ಯವಾಗಿದೆ.

ಜಪಾನಿ ಮತ್ತು ಕನ್ನಡದ ಎರಡೂ ಕಥೆಗಳಲ್ಲಿ ಆಸರೆಯಾಗುವವರು ಹೆತ್ತ ಮಕ್ಕಳಲ್ಲ. ಜಪಾನಿನಲ್ಲಿ ವಿಧವೆ ಸೊಸೆ ನೊರಿಕೊ ವೃದ್ಧರನ್ನು ಆದರಿಸಿ ಅತ್ತೆಯ ಹಳೆಯ ಗಡಿಯಾರವನ್ನು ಪಡೆದರೆ, ಕನ್ನಡದಲ್ಲಿ ಮೇಷ್ಟ್ರ ಕೈಬಿಟ್ಟುಹೋದ ಮನೆಯನ್ನು ಮರಳಿ ಕೊಡಿಸುವವನು ಪೊಲೀಸ್ ಅಧಿಕಾರಿಯಾದ ಹಳೆಯ ಶಿಷ್ಯ. ಆ ಶಿಷ್ಯನ ಪಾತ್ರ ವಹಿಸಿದವರು ತಮಿಳಿನ ಶಿವಾಜಿ ಗಣೇಶನ್.